ತಿರುವಿನ ದೈವ

ಕಾಲುವೆಯ ತಿರುವಿನಲ್ಲಿ ದೈವವಿದೆ, ಅಲ್ಲಿ ಮೋಟಾರಿನ ಸದ್ದಾಗಬಾರದು. ಪ್ರವಾಸಿಗರನ್ನು ಸುತ್ತಾಡಿಸುವ ದೋಣಿಗಳೆಲ್ಲ ಅಲ್ಲಿ ಎಂಜಿನ್ ಆರಿಸಿ, ಬಿದಿರಿನ ಗಳ ಊರಿಕೊಂಡು ದಾಟಬೇಕು.

ಹನ್ನೆರಡು ವರ್ಷದಿಂದ ಗಳ ಊರಿ ಊರಿ ಒಬ್ಬ ದೋಣಿಯವನ ರಟ್ಟೆ ಸೋತುಹೋಗಿತ್ತು. ಆ ದಿನ ನಾಲ್ಕನೆಯ ಟ್ರಿಪ್ಪಿನಲ್ಲಿ ಅವನು ಎಂಜಿನ್ ಆರಿಸಲಿಲ್ಲ.

"ಮುಂದಿನ ದೋಣಿಯವರು ಆಫ್ ಮಾಡಿದ್ರಲ್ಲ?" ಎಂದರು ಪ್ರವಾಸಿಗರೊಬ್ಬರು.

ಅಷ್ಟರಲ್ಲಿ ತಿರುವಿನಲ್ಲೇ ಇದ್ದ ಅವನ ಮನೆಯಿಂದ ಹೆಂಡತಿಯೇ ದಡಕ್ಕೆ ಓಡಿ ಬಂದಳು. ಸಿಗಡಿ ಫ್ಯಾಕ್ಟರಿಯ ಕೆಲಸ ಬಿಟ್ಟು ಅವಳು ಮನೆಯಲ್ಲಿರತೊಡಗಿ ತಿಂಗಳಾಗಿತ್ತು.

"ನಿಮ್ಗೆ ತಲೆ ಸಮ ಉಂಟಾ? ಮೊದ್ಲು ಎಂಜಿನ್ ಬಂದ್ ಮಾಡಿ."

"ಕೈ ಏಳುದಿಲ್ಲ ಮಾರಾಯ್ತಿ. ಒಂದು ದಿನಕ್ಕೆ ಏನಾಗ್ತದೆ?"

"ಇಷ್ಟು ವರ್ಷ ನಮ್ಮನ್ನು ಕಾದದ್ದು ಯಾರು? ಕೈ ಮುಗೀರಿ. ಸಂಜೆ ತಪ್ಪುಕಾಣಿಕೆ ಹಾಕುವ."

ಅವನು ಎಂಜಿನ್ ಆರಿಸಿದ. ರಾತ್ರಿಯಿಡೀ ಸಿಗಡಿ ಸುಲಿದು ಬರುತ್ತಿದ್ದ ಹೆಂಡತಿ ಹಗಲು ಒಂದಿಷ್ಟು ಹೊತ್ತು ಕಣ್ಣು ಮುಚ್ಚಲಿ ಎಂದು ಹನ್ನೆರಡು ವರ್ಷದ ಹಿಂದೆ ತಾನೇ ಹುಟ್ಟಿಸಿದ್ದ ದೈವಕ್ಕೆ ಕೈ ಮುಗಿದು, ಗಳ ಎತ್ತಿಕೊಂಡ.