ಹತ್ತಕ್ಕೆ ಒಂಬತ್ತು

ಮಾರಿಟ್ ತಾನೇ ಹಾಡಿದ ಮೊದಲ ಆಲ್ಬಮ್ಮಿನ ಮೇಲೆ ಸೂಜಿ ಇಳಿಸಿದಳು. ಅವಳು ಕೆಲಸ ಮಾಡುವ ರೆಕಾರ್ಡ್ ಅಂಗಡಿಯ ತುಂಬ ಕುಣಿಸುವಂಥ ಹಾಡೊಂದು ಚಿಮ್ಮಿತು. ಕೌಂಟರ್ ಎದುರು ನಿಂತಿದ್ದ ವಿಮರ್ಶಕ ಲೋವೆಲ್‌ನ ಕಿವಿ ಬಿಸಿಯಾಯಿತು. ಮಿನಿಯಾಪೊಲಿಸ್‌ನ ವಾರಪತ್ರಿಕೆಯಲ್ಲಿ ಮೊನ್ನೆ ತಾನೇ ಅವನು ಇದೇ ಆಲ್ಬಮ್ಮನ್ನು ‘ಮಂಜಿನಲ್ಲಿ ಕಾಲೆಳೆಯುವ ದುಃಖ’ ಎಂದು ಹೊಗಳಿ, ಹತ್ತಕ್ಕೆ ಒಂಬತ್ತು ಅಂಕ ಕೊಟ್ಟಿದ್ದ.

“ಇದನ್ನ ನಿಮಿಷಕ್ಕೆ ನಲವತ್ತೈದು ಸುತ್ತಿನ ವೇಗದಲ್ಲಿ ಹಾಕ್ಬೇಕಿತ್ತಾ?” ಎಂದು ಕೇಳಿದ.

“ಹೂಂ. ಲೇಬಲ್ ಮೇಲೇ ಇದೆಯಲ್ಲ.”

“ನಾನು ನಿಧಾನಕ್ಕೆ, ಮೂವತ್ತಮೂರರಲ್ಲಿ ಹಾಕಿದ್ದೆ ಕಣಮ್ಮ. ಎರಡು ವಾರ ಹಾಗೇ ಕೇಳ್ದೆ.”

ಮಾರಿಟ್ ಕೌಂಟರ್ ಹಿಡಿದುಕೊಂಡು ಬಿದ್ದು ಬಿದ್ದು ನಕ್ಕಳು. “ಅದಕ್ಕೇ ‘ಗಡಸು ಕಂಠ’ ಅಂತ ಬರೆದ್ರಾ! ನಮ್ಮಮ್ಮ ಓದಿ, ರೆಕಾರ್ಡಿಂಗ್ ದಿನ ನಿಂಗೆ ಶೀತ ಆಗಿತ್ತಾ ಅಂತ ಕೇಳಿದ್ಲು. ಮೂವತ್ತು ವರ್ಷ ಅನುಭವದ ವಿಮರ್ಶಕರಂತೆ, ವಿಮರ್ಶಕರು!”

ಲೋವೆಲ್‌ಗೂ ನಗು ಬಂತು. ಆದರೆ ಅವನ ಒಂದು ಮಾತಿಗೆ ಜನ ಕಣ್ಣುಮುಚ್ಚಿ ರೆಕಾರ್ಡ್ ಕೊಳ್ಳುವ ಊರು ಅದು. ಅವಳು ಆ ವಿಮರ್ಶೆಯನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದು ಎದುರಿಗೇ ಕಾಣುತ್ತಿತ್ತು. ಹಾಡು ಮುಗಿಯುವ ತನಕ ಇಬ್ಬರೂ ಕೇಳಿದರು. ಅವನ ಪಾದ ತನ್ನಷ್ಟಕ್ಕೆ ತಾನೇ ತಾಳ ಹಾಕುತ್ತಿತ್ತು.

“ಈಗ ಎಷ್ಟು ಕೊಡ್ತೀರಿ?” ಎಂದಳು.

“ಏಳು. ಒಳ್ಳೇ ಗಟ್ಟಿ ಏಳು.”

“ಥೂ! ಹಂಗಾದ್ರೆ ಸುಮ್ನಿದ್ಬಿಡಿ. ನಾನೂ ಯಾರ ಹತ್ರಾನೂ ಬಾಯಿ ಬಿಡಲ್ಲ. ನನ್ನ ಒಂಬತ್ತು ನಂಗೆ, ನಿಮ್ಮ ಮರ್ಯಾದೆ ನಿಮ್ಗೆ.” ಅವಳು ಕೈ ಚಾಚಿದಳು.

ಉಗುರುಬಣ್ಣ ಚಕ್ಕೆಯೆದ್ದ ಆ ಕೈಯನ್ನು ಲೋವೆಲ್ ಅಕ್ಕರೆಯಿಂದ ನೋಡಿದ.

“ಆಗಲ್ಲ ಮಾರಿಟ್,” ಎಂದ. “ತಪ್ಪಾಯ್ತು ಅಂತ ಈ ವಾರಾನೇ ಬರೀತೀನಿ.”