ಹಣೆಯ ಪ್ರಶ್ನೆ

"ಹುಬ್ಬು ಮೇಲೆತ್ತಿ, ಟೀಚರಮ್ಮಾ," ಎಂದರು ಚರ್ಮದ ಡಾಕ್ಟರಮ್ಮ. ಹಣೆಯಲ್ಲಿ ಎದ್ದ ಗೆರೆಗಳ ಮೇಲೆ ಬಿಳಿ ಪೆನ್ಸಿಲಿನಿಂದ ಚುಕ್ಕೆ ಇಟ್ಟರು. ಪ್ರತಿ ಚುಕ್ಕೆಗೂ ಒಂದು ಬೊಟಾಕ್ಸ್ ಸೂಜಿ. ಆಮೇಲೆ ಕೆಲವು ತಿಂಗಳು ಈ ಹಣೆ ಮಿಸುಕುವಂತಿಲ್ಲ.

ಟೀಚರಮ್ಮ ಪಕ್ಕದ ಕುರ್ಚಿಯಲ್ಲಿದ್ದ ಯಜಮಾನರ ಕಡೆ ತಿರುಗಿದರು. ಅವರಿಗೆ ಹುಟ್ಟಿನಿಂದಲೇ ಕಿವಿ ಕೇಳದು, ಗಂಡಹೆಂಡಿರ ಮಾತೆಲ್ಲ ಸನ್ನೆಯಲ್ಲೇ. ಟೀಚರಮ್ಮನ ಬೆರಳುಗಳು ಆಡಿದವು, ಹುಬ್ಬು ಏರಿತು, ಬಿಳಿ ಚುಕ್ಕೆಗಳೆಲ್ಲ ಒಟ್ಟಿಗೇ ಎದ್ದವು. ಯಜಮಾನರು ನಾಚಿ ನಕ್ಕರು.

"ಏನು ಕೇಳಿದ್ರಿ?"

"ಚೆನ್ನಾಗಿ ಕಾಣ್ತೀನಾ ಅಂತ."

"ಹುಬ್ಬು ಏರಿಸದೇ ಇದ್ದಿದ್ರೆ?"

"'ಚೆನ್ನಾಗಿ ಕಾಣ್ತೀನಿ' ಅಂತ ಜಂಬ ಕೊಚ್ಕೊಂಡ ಹಾಗಾಗ್ತಿತ್ತು! ಕೈಸನ್ನೆ ಎರಡಕ್ಕೂ ಒಂದೇ ಡಾಕ್ಟ್ರೇ, ಕೇಳೋದು ಹುಬ್ಬು." ನಗುತ್ತಿದ್ದವರು ಸಟ್ಟನೆ ಹಣೆ ಮುಟ್ಟಿಕೊಂಡರು. "ಅಯ್ಯೋ, ಇನ್ಮೇಲೆ ಇವರನ್ನ ಏನೂ ಕೇಳೋ ಹಾಗೇ ಇಲ್ವಾ?"

ಡಾಕ್ಟರಮ್ಮ ಸೂಜಿಯನ್ನು ಟ್ರೇಗೆ ಹಾಕಿ, ಒದ್ದೆ ಹತ್ತಿಯಿಂದ ಚುಕ್ಕೆಗಳನ್ನು ಮೆಲ್ಲಗೆ ಒರೆಸಿದರು. ಎಷ್ಟೋ ಹಣೆ ನೋಡಿದ್ದ ಅವರಿಗೆ ಇಂಥ ಮಾತುಗಾತಿ ಹಣೆ ಸಿಕ್ಕಿರಲಿಲ್ಲ. "ಕೆನ್ನೆ ಮೇಲಿನ ಕಲೆಗೆ ಲೇಸರ್ ಮಾಡೋಣ. ಈ ಹಣೆ ತಂಟೆಗೆ ಮಾತ್ರ ನಾನು ಹೋಗಲ್ಲ."

ಯಜಮಾನರನ್ನೂ ಒಂದು ಮಾತು ಕೇಳೋಣವೆನಿಸಿ, ಅವರತ್ತ ಹೆಬ್ಬೆರಳು ಎತ್ತಿ 'ಸರಿನಾ?' ಎಂದು ಸನ್ನೆ ಮಾಡಿದರು. ಅವರಿಗೆ ಅದು ಪ್ರಶ್ನೆಯೆನ್ನಿಸಲೇ ಇಲ್ಲ. ಹುಬ್ಬೇರಿಸಲು ಡಾಕ್ಟರಮ್ಮ ಎಷ್ಟು ತಿಣುಕಿದರೂ, ಇಂಥದೇ ಸೂಜಿಯಿಂದ ನುಣುಪಾಗಿದ್ದ ಅವರದೇ ಹಣೆ ಅಲುಗಲಿಲ್ಲ. ಕೊನೆಗೆ ಎರಡು ಬೆರಳಿಂದ ತಮ್ಮ ಹುಬ್ಬುಗಳನ್ನು ಮೇಲಕ್ಕೆ ತಳ್ಳಿ ಹಿಡಿದು, ಮತ್ತೆ ಕೇಳಿದರು.