ಬಾಗಿಲಾಚೆಯ ಹಸಿರು ಸೀರೆ

ಬೆವರು ಹೀರಿದ ಕಂಬಳಿಯ ವಾಸನೆ ಬಂದರೆ ನನಗೆ ಈಗಲೂ ಗಡಹಿಂಗ್ಲಜದ ಮನೆಯ ಮುಚ್ಚಿದ ಬಾಗಿಲು ಕಾಣುತ್ತದೆ.

ಯುದ್ಧದ ಕಾಲ, ಬಟ್ಟೆ ಸಿಗುತ್ತಿರಲಿಲ್ಲ. ಅವ್ವ ತನ್ನ ಎರಡೇ ಸೀರೆಗಳಲ್ಲಿ ಹಸಿರು ಬಣ್ಣದ್ದನ್ನು ಚರ್ಚಿನ ಬಡ ಬಾಣಂತಿಯೊಬ್ಬಳಿಗೆ ಕೊಟ್ಟಳು. “ಯೇಸುಸ್ವಾಮಿ ನಮಗ ಬ್ಯಾರೆ ಕೊಡತಾನ” ಎಂದಳು. ಆಮೇಲೆ ಉಳಿದೊಂದನ್ನು ಒಗೆದ ದಿನವೆಲ್ಲ, ಅದು ಹಿತ್ತಲಲ್ಲಿ ಒಣಗುವವರೆಗೆ, ಕಂಬಳಿ ಸುತ್ತಿಕೊಂಡು ಒಳಗೇ ಕೂರುತ್ತಿದ್ದಳು. ಅಗಳಿ ಹಾಕಿದ ಆ ಕತ್ತಲೆ ಕೋಣೆಯಲ್ಲಿ ಜೊತೆಗೆ ನಾನು.

ಒಂದು ಮಧ್ಯಾಹ್ನ ಯಾರೋ ಬಾಗಿಲು ಬಡಿದರು. “ಅಕ್ಕಾರ, ಕೂಸನ್ನ ತೋರಸಾಕ ಬಂದೇನ್ರಿ.”

ಅವ್ವ ತುಟಿಯ ಮೇಲೆ ಬೆರಳಿಟ್ಟಳು. “ಸುಮ್ಮನಿರು. ನಾ ಹಿಂಗ ಕುಂತದ್ದು ಗೊತ್ತಾದ್ರ ಸೀರಿ ತಿರಗಿ ಕೊಟ್ಟಬಿಡತಾಳ.”

ಸೆಕೆಯಲ್ಲಿ ಅವಳ ಕತ್ತಿನಿಂದ ಬೆವರು ಇಳಿಯುತ್ತಿತ್ತು. ಹೊರಗೆ ಕೂಸು ಅಳುತ್ತಲೇ ಇತ್ತು. ನಾನು ಬಾಗಿಲ ಬಿರುಕಿನಲ್ಲಿ ಇಣುಕಿ ಪಿಸುಗುಟ್ಟಿದೆ: “ಅವ್ವಾ, ಆಕಿ ನಿನ್ನ ಹಸರ ಸೀರಿ ಉಟ್ಟಾಳ.”

ಅವ್ವ ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡು ಕೇಳಿದಳು: “ಚೊಲೋ ಕಾಣತದೇನ?”